ಹಸಿರು ಪೊಟ್ಟಣವಿಲ್ಲದ ಮೆಷಿನ್

ನಮ್ಮ ಕ್ವಾಂಗ್‌ಹ್ವಾ ಕಂಪ್ಯೂಟರ್ ಮಾರ್ಕೆಟ್ಟಿನ ಮೂರನೇ ಮಹಡಿಯಲ್ಲಿ ಲಿಯೆನ್ ಕೈಯಲ್ಲಿ ಏಟು ತಿನ್ನದವರು ಯಾರೂ ಇಲ್ಲ. ನಾನೂ ತಿಂದಿದ್ದೀನಿ. ಒಂದು ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿ, ಅವಳ ಮೆಷಿನ್ ಮೇಲಿದ್ದ ಹಸಿರು ತಿಂಡಿ ಪೊಟ್ಟಣ ಹರಿದು ನಾಲ್ಕು ಕಾಳು ಬಾಯಿಗೆ ಹಾಕ್ಕೊಂಡೆ. ಸ್ಕ್ರೂಡ್ರೈವರ್ ಹಿಡಿಯಿಂದ ಮಂಡೆಗೆ ಬಾರಿಸಿದಳು ನೋಡಿ, ಇವತ್ತಿಗೂ ಆ ಜಾಗದಲ್ಲಿ ಕೂದಲು ಬಂದಿಲ್ಲ. ತಪ್ಪು ನಂದೇ ಬಿಡಿ. ತೈಪೇನಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಿಲ್ವಾ, ಆ ಪೊಟ್ಟಣ ತಿನ್ನೋದಕ್ಕಲ್ಲ, ಮೆಷಿನ್ ತರಲೆ ಮಾಡದೆ ಸುಮ್ಮನಿರಲಿ ಅಂತ ಇಡೋದು ಅಂತ? ಬಣ್ಣ ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಒಂದರ ಮೇಲೆ ಇಟ್ಟದ್ದನ್ನ ಎತ್ತಿ ಇನ್ನೊಂದರ ಮೇಲೆ ಇಡಬಾರದು. ಆಸ್ಪತ್ರೆಯವರೂ ಇಡ್ತಾರೆ, ಬ್ಯಾಂಕಿನವರೂ ಇಡ್ತಾರೆ. ನಗೋರು ನಗಲಿ.

ಅವಳ ಪೂರ್ತಿ ಹೆಸರು ಯೂ ಪಿ-ಲಿಯೆನ್. ನನ್ನದು ಮೆಷಿನ್ ತಂಪು ಮಾಡೋ ಫ್ಯಾನು, ಕೇಬಲ್ಲಿನ ಅಂಗಡಿ, ಪಕ್ಕದ್ದು ಅವಳದು. ನಡುವೆ ಒಂದು ತೆಳು ಹಲಗೆ ಅಷ್ಟೆ, ಹಾಗಾಗಿ ಅವಳು ಬಯ್ಯೋದೆಲ್ಲ ನನಗೆ ಬಾಯಿಪಾಠ.

ಅವಳಪ್ಪ ಕೀಲುಂಗ್ ಬಂದರಿನಲ್ಲಿ ಮೂಟೆ ಹೊರೋನು. ಕುಡಿದ ದಿನ ಬಿದಿರು ಕೋಲು, ಕುಡಿಯದ ದಿನ ಬರಿಗೈ. ತಾಯಿ ಹೆರಿಗೆಯಲ್ಲೇ ಹೋದಳು, ಉಳಿದದ್ದು ಈಕೆ ಮತ್ತು ತಮ್ಮ ತಿಂಗ್. ತಿಂಗ್ ನಾಲ್ಕು ವರ್ಷದವನಿದ್ದಾಗ ಏನೋ ಹಟ ಮಾಡಿದ ಅಂತ ಅಪ್ಪ ಅವನ ಬಲಗೈಯನ್ನ ಬಾಗಿಲ ಸಂದಿಗಿಟ್ಟು ಬಾಗಿಲು ಒತ್ತಿದ. ಪೂರ್ತಿ ಒತ್ತೋಕೆ ಲಿಯೆನ್ ಬಿಡಲಿಲ್ಲ. ಅದೇ ಬಿದಿರು ಕೋಲು ತಗೊಂಡು ಅಪ್ಪನ ಮೊಣಕೈ ಮುರಿದಳು. ಆಗ ಅವಳಿಗೆ ಹತ್ತೊಂಬತ್ತು. ಹುಡುಗನ್ನ ಸೊಂಟಕ್ಕೆ ಹಾಕ್ಕೊಂಡು ರೈಲು ಹತ್ತಿದವಳು ತಿರುಗಿ ಹೋಗಲಿಲ್ಲ, ಅಪ್ಪ ಸತ್ತಾಗಲೂ ಹೋಗಲಿಲ್ಲ. ನಾನಾಗಿದ್ದರೂ ಹೋಗ್ತಿರಲಿಲ್ಲ.

ಮೆಮೊರಿ ಕಾರ್ಖಾನೆಯಲ್ಲಿ ಪರೀಕ್ಷೆ ಮಾಡೋ ಸಾಲಿನಲ್ಲಿ ಸುಮಾರು ವರ್ಷ ದುಡಿದಳು. ಮೇಸ್ತ್ರಿ ಸೊಂಟಕ್ಕೆ ಕೈ ಹಾಕಿದಾಗ ಅವನ ಮೂಗು ಒಡೆದು ಹೊರಗೆ ಬಂದು ಅಂಗಡಿ ಹಾಕಿದಳು. ಕೆಲಸ ಏನಪ್ಪಾ ಅಂದ್ರೆ ಆಟದ ಮೆಷಿನ್‌ಗಳಿಗೆ ಮೆಮೊರಿ ಬಿಗಿ ಮಾಡೋದು. ಪ್ರೊಸೆಸರ್ ಕೇಳುತ್ತೆ, ಮೆಮೊರಿ ಕೊಡುತ್ತೆ. ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ನಡುವೆ ಒಂಚೂರು ಬಿಡುವಿರುತ್ತೆ. ಕಂಪನಿಯವರು ಯಾಕೆ ಬೇಕು ಅಂತ ಧಾರಾಳವಾಗಿ ಬಿಟ್ಟಿರ್ತಾರೆ, ಈಕೆ ಕೂತು ಅದನ್ನ ಚೂರುಚೂರೇ ಕತ್ತರಿಸ್ತಾ ಬರ್ತಾಳೆ. ಬಿಡುವು ಕಮ್ಮಿಯಾದಷ್ಟೂ ಆಟ ಸಲೀಸು. ಶತ್ರು ಗೋಡೆ ಮರೆಯಿಂದ ತಲೆ ಹೊರಗೆ ಹಾಕಿದ್ದೇ ತಡ, ಕಣ್ಣಿಗೆ ಬೀಳ್ತಾನೆ. ಅತಿ ಮಾಡಿದರೆ ಮೆಮೊರಿ ತಬ್ಬಿಬ್ಬಾಗಿ ತಪ್ಪು ಉತ್ತರ ಕೊಡುತ್ತೆ, ಪರದೆ ನೀಲಿಯಾಗುತ್ತೆ, ಮೆಷಿನ್ ಅಲ್ಲೇ ಸಾಯುತ್ತೆ. ಅದರಲ್ಲೂ ಮೈ ಬಿಸಿಯಾದರೆ ಬೇಗ ಸಾಯುತ್ತೆ.

ತಿಂಗ್ ಬೆಳೆದು ಆಟಗಾರನಾದ. ಇಬ್ಬರೇ ಎದುರುಬದುರು ಕೂತು ಗುಂಡು ಹಾರಿಸಿಕೊಳ್ಳೋ ಆಟ. ಅಪ್ಪ ಬಾಗಿಲಿಗೆ ಕೊಟ್ಟಿದ್ದ ಅದೇ ಬಲಗೈ ಮೌಸ್ ಮೇಲೆ ಹಾವಿನ ಹಾಗೆ ಓಡೋದು. ಅವನು ಆಡ್ತಿದ್ದರೆ ಲಿಯೆನ್ ಬೆನ್ನ ಹಿಂದೆ ನಿಂತು "ಬೆನ್ನು ನೆಟ್ಟಗೆ ಮಾಡೋ ಕತ್ತೆ!" ಅಂತ ಕುತ್ತಿಗೆ ಮೇಲೆ ಕೊಡೋಳು. ಅವನು ತಿರುಗದೇನೇ "ಅಕ್ಕಾ, ಹೊಡಿ, ಆದರೆ ಎಡಗಡೆ ಹೊಡಿ, ಗುರಿ ತಪ್ಪುತ್ತೆ" ಅನ್ನೋನು. ಇವರ ಪ್ರೀತಿ ಇಂಥದ್ದು.

ಆ ವರ್ಷ ಒಂದು ಹೊಸ ಪ್ರೊಸೆಸರ್ ಬರೋದಿತ್ತು. ಅಂಗಡಿಗೆ ಇನ್ನೂ ಬಂದಿರಲಿಲ್ಲ, ಮಾರ್ಕೆಟ್ಟಿನಲ್ಲೆಲ್ಲ ಅದರದ್ದೇ ಮಾತು. ಬಿಡುಗಡೆ ಮಾಡೋ ಕಂಪನಿಯವರು ಪ್ರದರ್ಶನದ ಸಭಾಂಗಣದಲ್ಲಿ ಆಟದ ಫೈನಲ್ ಇಟ್ಟುಕೊಂಡರು. ಒಂದು ಕಡೆ ನಮ್ಮ ತಿಂಗ್, ಇನ್ನೊಂದು ಕಡೆ ಕಾವ್‌ಶುಂಗ್ ಊರಿನ ಪೆಂಗ್ ಅನ್ನೋ ಹುಡುಗ. ಒಂದೇ ಥರದ ಎರಡು ಮೆಷಿನ್. ಆ ಪ್ರೊಸೆಸರ್ ಮಾದರಿಗಳೋ, ಮಹಾ ಕಿರಿಕಿರಿಯವು, ಯಾವ ಮೆಮೊರಿ ಹಾಕಿದರೂ ಮುನಿಸಿಕೊಳ್ಳೋವು. ಎರಡನ್ನೂ ಬಿಗಿ ಮಾಡೋಕೆ ಲಿಯೆನ್ ಅಂಗಡಿಗೇ ಕಳಿಸಿದರು. ತಮ್ಮ ಆಡ್ತಾನೆ, ಅಕ್ಕ ಮೆಷಿನ್ ಕಟ್ತಾಳೆ, ಸರಿಹೋಗುತ್ತಾ ಅಂತ ಯಾರೋ ತಕರಾರು ತೆಗೆದರಂತೆ. ಪೆಂಗ್ ಕಡೆಯವರೇ "ಆ ಹೆಂಗಸು ಹೊಡೀತಾಳೆ, ಮೋಸ ಮಾಡಲ್ಲ" ಅಂದರಂತೆ.

ಫೈನಲ್ ಹಿಂದಿನ ದಿನ ಬೆಳಿಗ್ಗೆ ಕರಿನಾಯಿ ಬಂದ. ಹಾಗಂತಲೇ ಎಲ್ಲರೂ ಕರೆಯೋದು, ಹುಟ್ಟಿದ ಹೆಸರು ಯಾರಿಗೆ ಬೇಕು. ಆಟಗಳ ಮೇಲೆ ಬಾಜಿ ಕಟ್ಟಿಸೋನು, ಬಾಯಿ ತುಂಬ ಅಡಿಕೆ, ಹಲ್ಲೆಲ್ಲ ಕೆಂಪು, ಜೊತೆಗೆ ಇಬ್ಬರು ದಾಂಡಿಗರು. ನಾನು ಹಲಗೆ ಈಚೆಯಿಂದ "ಏನ್ರೀ ಗಲಾಟೆ?" ಅಂದೆ. ಒಬ್ಬ ಬಂದು ಹೊಟ್ಟೆಗೊಂದು ಗುದ್ದಿದ. ಉಸಿರು ಕಟ್ಟಿ ಫ್ಯಾನಿನ ಡಬ್ಬಗಳ ಮೇಲೆ ಬಿದ್ದೆ. ಬಿದ್ದಲ್ಲಿಂದ ಎಲ್ಲ ಕೇಳಿಸ್ತಿತ್ತು.

"ಎಲ್ಲರೂ ಪೆಂಗ್ ಮೇಲೆ ಕಟ್ಟಿದಾರೆ. ನಾನು ನಿನ್ನ ತಮ್ಮನ ಮೇಲೆ ಕಟ್ಟಿದೀನಿ. ಪೆಂಗ್ ಮೆಷಿನ್ ಆಟದ ಮಧ್ಯ ಸಾಯಬೇಕು" ಅಂದ ಕರಿನಾಯಿ.

"ನನ್ನ ತಮ್ಮ ಹಾಗೇ ಗೆಲ್ತಾನೆ. ನಡಿ ಆಚೆ, ಬೋಳಿಮಗನೇ!"

ಅವನು ಅವಳ ಕೆನ್ನೆಗೆ ಬಿಟ್ಟ. ಅವಳು ತಿರುಗಿಸಿ ಬಿಟ್ಟಳು, ಕೆಂಪು ಉಗುಳು ಗೋಡೆಗೆ ಹಾರಿತು. ಆಮೇಲೆ ದಾಂಡಿಗರಿಬ್ಬರೂ ಸೇರಿ ಅವಳ ಜುಟ್ಟು ಹಿಡಿದು ಮೇಜಿಗೆ ಮುಖ ಒತ್ತಿದರು. ಕರಿನಾಯಿ ಅಂಗಡಿಯ ಕಬ್ಬಿಣದ ಶಟರ್ ಜಗ್ಗಿ ಧಡಾರ್ ಅಂತ ಬಿಟ್ಟ. ನೆಲ ನಡುಗಿತು.

"ಕೇಳಿಸ್ತಾ? ತಮ್ಮ ಸೋತರೆ ಅವನ ಬಲಗೈಯನ್ನ ಇದರ ಕೆಳಗಿಟ್ಟು ಎಳೀತೀನಿ. ಅವನು ಎಲ್ಲಿ ನೂಡಲ್ಸ್ ತಿಂತಾನೆ, ಎಲ್ಲಿ ಮಲಗ್ತಾನೆ, ಎಲ್ಲಾ ಗೊತ್ತು ನಂಗೆ."

ಅವರು ಹೋದ ಮೇಲೆ ನಾನು ಎದ್ದು ಹೋದೆ. ಅವಳ ಮೂಗಿನಿಂದ ರಕ್ತ ಸುರೀತಿತ್ತು, ಅವಳಿಗೆ ಅದರ ಗೊಡವೆಯೇ ಇಲ್ಲ.

"ಪೊಲೀಸರ ಹತ್ರ ಹೋಗೋಣ ಲಿಯೆನ್."

"ಹೋಗಿ? ಅವರೇನು ತಿಂಗ್ ಕೈ ಹಿಡ್ಕೊಂಡು ದಿನಾ ಓಡಾಡ್ತಾರಾ? ಫಂಗಣ್ಣಾ, ಬಾಯಿ ಮುಚ್ಚಿಕೊಂಡಿರು. ತಿಂಗ್‌ಗೆ ಒಂದು ಮಾತು ಹೇಳಿದರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ."

ಕೂತಳು. ಪೆಂಗ್‌ನ ಮೆಷಿನ್‌ನಲ್ಲಿ ಒಂದೇ ಒಂದು ಬಿಡುವನ್ನ ಇನ್ನೊಂದು ಕೂದಲೆಳೆಯಷ್ಟು ಕತ್ತರಿಸಿದಳು. ಬೆಳಗಿನ ತಂಪಿನಲ್ಲಿ ಪರೀಕ್ಷೆ ಮಾಡಿದರೆ ಏನೂ ಆಗಲ್ಲ. ಮಧ್ಯಾಹ್ನ ಜನ ತುಂಬಿ, ದೀಪ ಹತ್ತಿ, ಮೆಷಿನ್ ಮೈ ಕಾದಾಗ ಸಾಯುತ್ತೆ. ಆಮೇಲೆ ಪೆಟ್ಟಿಗೆಯಿಂದ ಎರಡು ಹಸಿರು ಪೊಟ್ಟಣ ತೆಗೆದಳು. ಒಂದನ್ನ ತಿಂಗ್ ಮೆಷಿನ್ ಮೇಲಿಟ್ಟಳು. ಇನ್ನೊಂದನ್ನ ಕೈಯಲ್ಲೇ ಹಿಡಿದು ನಿಂತಳು.

"ಇಡು, ಇಲ್ಲಾಂದ್ರೆ ಅನುಮಾನ ಬರುತ್ತೆ" ಅಂದೆ.

"ನಾನೇ ವಿಷ ಹಾಕಿದ ಮೆಷಿನ್‌ಗೆ ಸುಮ್ಮನಿರಪ್ಪಾ ಅಂತ ಯಾವ ಬಾಯಲ್ಲಿ ಕೇಳಲಿ?" ಅಂದವಳೇ ಪೊಟ್ಟಣವನ್ನ ಗೋಡೆಗೆ ಬಿಸಾಡಿ, ಬೂಟುಗಾಲಲ್ಲಿ ತುಳಿದು ಪುಡಿ ಮಾಡಿದಳು. ಹೆಂಗಸಿಗೆ ಒಂದು ಪೊಟ್ಟಣ ಇಡೋಕೆ ಏನು ಬೇನೆ ಅಂತ ಬೇರೆ ಊರಿನವರು ಕೇಳಬಹುದು. ನಾನಾಗಿದ್ದರೂ ಇಡ್ತಿರಲಿಲ್ಲ, ಕೈ ಬರ್ತಿರಲಿಲ್ಲ.

ಫೈನಲ್ ದಿನ ಬೆಳಿಗ್ಗೆ ಪರೀಕ್ಷೆಯಲ್ಲಿ ಎರಡೂ ಮೆಷಿನ್ ಪಾಸು. ಮಧ್ಯಾಹ್ನ ಸಭಾಂಗಣದಲ್ಲಿ ಕಾಲಿಡೋಕೆ ಜಾಗ ಇಲ್ಲ. ಕರಿನಾಯಿ ಲಿಯೆನ್ ಪಕ್ಕದ ಕುರ್ಚಿಯಲ್ಲೇ ಕೂತು ಅಡಿಕೆ ಜಗೀತಿದ್ದ. ಅವರ ಹಿಂದಿನ ಸಾಲಿನಲ್ಲಿ ನಾನು.

ಪೆಂಗ್ ವೇದಿಕೆಗೆ ಬಂದ, ಮೆಷಿನ್ ನೋಡಿದ, ನಿಂತುಬಿಟ್ಟ.

"ಇದೇನ್ರೀ ಇದು? ಅವನದಕ್ಕೆ ಪೊಟ್ಟಣ ಇದೆ, ನನ್ನದು ಬೋಳು! ನಾನು ಕೂರಲ್ಲ!"

ಜನ ಹೋ ಅಂತ ಕೂಗಿದರು. ನಕ್ಕರು ಅಂದ್ಕೋಬೇಡಿ, ಅವನ ಪರವಾಗಿ ಕೂಗಿದರು. ತೀರ್ಪುಗಾರನಿಗೇ ಮುಖ ಬೆವರಿತು. ಪೊಟ್ಟಣ ತರೋಕೆ ಅಂಗಡಿಗೆ ಯಾರನ್ನಾದರೂ ಓಡಿಸಿ ಅಂತ ಅವನು ಹೇಳ್ತಿರುವಾಗಲೇ ನಮ್ಮ ತಿಂಗ್ ಎದ್ದ.

"ಅಯ್ಯೋ, ಅದಕ್ಯಾಕಣ್ಣ ಇಷ್ಟು ರಂಪ? ನೀನು ಇಲ್ಲಿ ಕೂತ್ಕೋ, ನಾನು ಅಲ್ಲಿ ಕೂರ್ತೀನಿ. ಎರಡನ್ನೂ ಕಟ್ಟಿದ್ದು ನಮ್ಮಕ್ಕ. ಅವಳು ಮುಟ್ಟಿದ ಮೆಷಿನ್‌ಗೆ ಪೊಟ್ಟಣ ಯಾಕೆ? ಕೈಕೊಟ್ಟರೆ ಅದರ ಹಲ್ಲೂ ಉದುರಿಸ್ತಾಳೆ ಅಂತ ಅದಕ್ಕೂ ಗೊತ್ತು!"

ಇಡೀ ಸಭಾಂಗಣ ನಕ್ಕು ಚಪ್ಪಾಳೆ ತಟ್ಟಿತು. ತಿಂಗ್ ಅಕ್ಕನ ಕಡೆ ನೋಡಿ ಕಣ್ಣು ಹೊಡೆದು, ಸಾಯೋ ಮೆಷಿನ್ ಮುಂದೆ ಕೂತ.

ಕರಿನಾಯಿ ಜಗಿಯೋದು ನಿಲ್ಲಿಸಿ ಅವಳ ಮಣಿಕಟ್ಟು ಹಿಡಿದ.

"ಏನೇ ಇದು, ನಾಟಕಾನಾ? ಅವನು ಸೋತರೆ ಸೋತ ಲೆಕ್ಕವೇ. ಮೆಷಿನ್ ಕಥೆ ಎಲ್ಲ ನನಗೆ ಬೇಡ."

ಆಟ ಶುರುವಾಯ್ತು. ತಿಂಗ್ ಆ ದಿನ ಆಡಿದ ಹಾಗೆ ಯಾವತ್ತೂ ಆಡಿರಲಿಲ್ಲ. ಮುಂದೆ ಇದ್ದ, ಬಹಳ ಮುಂದೆ ಇದ್ದ. ನಾನು ಫ್ಯಾನು ಮಾರೋನು, ಸದ್ದು ಕೇಳಿದರೆ ಬಿಸಿ ಎಷ್ಟು ಅಂತ ಗೊತ್ತಾಗುತ್ತೆ. ಅವನ ಮೆಷಿನ್‌ನ ಫ್ಯಾನು ಕಿರುಚೋಕೆ ಶುರು ಮಾಡಿತ್ತು. ಲಿಯೆನ್‌ಗೂ ಕೇಳಿಸ್ತು.

ಅವಳು ಬಾಗಿ ಕರಿನಾಯಿಯ ಕೈ ಕಚ್ಚಿದಳು. ಅವನು ಅರಚಿಕೊಂಡು ಬಿಟ್ಟ. ಕಬ್ಬಿಣದ ಮಡಚು ಕುರ್ಚಿ ಎತ್ತಿಕೊಂಡು ವೇದಿಕೆಗೆ ಹಾರಿದಳು. ಕಾವಲಿನವನೊಬ್ಬ ಅಡ್ಡ ಬಂದ, ಅವನ ದವಡೆಗೆ ಕುರ್ಚಿ ಬಿತ್ತು. ಮೊದಲನೇ ಏಟಿಗೆ ತಿಂಗ್ ಮುಂದಿನ ಪರದೆ ಹೋಳಾಯ್ತು. ಎರಡನೇ ಏಟಿಗೆ ಮೆಷಿನ್ ಗಾಜು ಒಡೀತು. ತಿಂಗ್ "ಅಕ್ಕಾ! ಅಕ್ಕಾ! ತಲೆ ಕೆಟ್ಟಿದೆಯಾ!" ಅಂತ ಅವಳನ್ನ ತಬ್ಬಿ ಹಿಡಿಯೋಕೆ ಹೋದ. ಮೊಣಕೈಯಿಂದ ಅವನ ಬಾಯಿಗೆ ಗುದ್ದಿದಳು, ತುಟಿ ಸೀಳಿತು. ಪೆಂಗ್ ಓಡಿದ. ಅವನ ಮೆಷಿನ್ನನ್ನೂ ಬಿಡಲಿಲ್ಲ, ಹಸಿರು ಪೊಟ್ಟಣದ ಸಮೇತ ಚಚ್ಚಿದಳು. ತಿಂಡಿ ಕಾಳು ವೇದಿಕೆ ತುಂಬ ಚೆಲ್ಲಾಡಿತು. ಐದಾರು ಜನ ಸೇರಿ ಅವಳನ್ನ ನೆಲಕ್ಕೆ ಕೆಡವಿ, ಬೆನ್ನ ಮೇಲೆ ಮಂಡಿಯೂರಿ ಕೂತರು. ಆಗಲೂ ಒದೀತಾನೇ ಇದ್ದಳು.

ಪಂದ್ಯ ರದ್ದು. ಬಾಜಿಯೂ ರದ್ದು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಅವಳಿಗೆ ಬೇಕಾಗಿದ್ದು ಅಷ್ಟೇ.

ನಾನು ಅವಳನ್ನ ಠಾಣೆಯಿಂದ ಬಿಡಿಸಿಕೊಂಡು ಬಂದ ದಿನವೇ ಕರಿನಾಯಿ ಅಂಗಡಿ ಮುಂದೆ ನಿಂತಿದ್ದ. ಗೆಲ್ಲಬೇಕಾಗಿದ್ದು ಕೈತಪ್ಪಿದ ಉರಿ ಅವನಿಗೆ.

"ತಮ್ಮ ಸೋತಿಲ್ಲ. ಒಡೆದಿದ್ದು ನಾನು. ಕೈ ಬೇಕಾದರೆ ಇದನ್ನ ತಗೋ, ಅಲ್ಲಿಗೆ ಮುಗೀತು. ಆಮೇಲೆ ಅವನ ನೆರಳು ತುಳಿದರೂ ನಿನ್ನ ಕತ್ತು ಸೀಳ್ತೀನಿ" ಅಂತ ಅವಳೇ ಬಲಗೈಯನ್ನ ಹೊಸ್ತಿಲ ಮೇಲೆ ಚಾಚಿದಳು.

ಅವನು ಶಟರ್ ಎಳೆದ. ಎರಡು ಸಲ ಎಳೆದ. ಆ ಸದ್ದು ನಾನು ಹೇಳಲ್ಲ. ನನ್ನನ್ನ ಇಬ್ಬರು ಹಿಡ್ಕೊಂಡಿದ್ದರು, ನಾನು ಮಕ್ಕಳ ಹಾಗೆ ಅಳ್ತಿದ್ದೆ. ಅವಳು ಅಳಲಿಲ್ಲ, ಬೈದಳು. ಕರಿನಾಯಿಯ ಏಳು ತಲೆಮಾರನ್ನೂ ಬೈದಳು.

ತಿಂಗ್‌ಗೆ ಶಟರ್ ಜಾರಿ ಬಿತ್ತು ಅಂತ ಹೇಳಿದಳು. ನಿಜ ಹೇಳಿದರೆ ಅವನು ಚಾಕು ಹಿಡ್ಕೊಂಡು ಕರಿನಾಯಿ ಮನೆಗೆ ಹೋಗ್ತಿದ್ದ, ಅದೇ ರಕ್ತ ತಾನೇ. ಹೋಗದಿದ್ದರೂ ಮೋಸದ ಸುದ್ದಿ ಹೊರಗೆ ಬಿದ್ದು ಅವನನ್ನ ಆಟದಿಂದಲೇ ಓಡಿಸ್ತಿದ್ದರು. ಅವನು ಆಸ್ಪತ್ರೆಗೆ ಬಂದ, ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಬ್ಯಾಂಡೇಜು ನೋಡಿದ. ಕೂರಲಿಲ್ಲ.

"ಗೆಲ್ತಿದ್ದೆ ಅಕ್ಕಾ. ಹೊಟ್ಟೆ ಉರೀತಾ ನಿಂಗೆ? ಅಪ್ಪನೇ ವಾಸಿ, ಕುಡಿದಾಗ ಮಾತ್ರ ಕೋಲು ಎತ್ತುತ್ತಿದ್ದ." ಜೇಬಿನಿಂದ ಹಸಿರು ಪೊಟ್ಟಣ ತೆಗೆದು ಅವಳ ಎದೆ ಮೇಲೆ ಎಸೆದ. "ತಗೋ. ತಲೆ ಹತ್ರ ಇಟ್ಕೊಂಡು ಮಲಗು. ನೀನಾದರೂ ಸುಮ್ಮನಿರೋದು ಕಲಿ."

ನಾನು ಬಾಯಿ ತೆಗೆದೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಹಾಗೇ ಮುಚ್ಚಿದೆ.

ಈಗ ಅವನು ಸಿಯೋಲ್ ನಗರದಲ್ಲಿ ದೊಡ್ಡ ತಂಡಕ್ಕೆ ಆಡ್ತಾನೆ. ಫೋನಿಲ್ಲ, ಹಬ್ಬಕ್ಕೂ ಬರಲ್ಲ. ಲಿಯೆನ್ ಎಡಗೈಯಲ್ಲಿ ಕೀಬೋರ್ಡ್ ಒತ್ತೋದು ಕಲಿತಿದ್ದಾಳೆ, ಹೊಡೆಯೋದನ್ನೂ ಎಡಗೈಗೇ ಕಲಿಸಿದ್ದಾಳೆ. ಅವನ ಪಂದ್ಯ ಇದ್ದ ದಿನ ಅಂಗಡಿಯ ಪರದೆಯಲ್ಲಿ ಹಾಕ್ಕೊಂಡು ಕೂರ್ತಾಳೆ. ಯಾರು ಗೆದ್ದರು ಅಂತ ಕೇಳಿದರೆ ಗೊತ್ತಿರಲ್ಲ. ಮೂಲೆಯ ಚಿಕ್ಕ ಚೌಕದಲ್ಲಿ ಅವನ ಬಲಗೈ ತೋರಿಸ್ತಾರಲ್ಲ, ಅದನ್ನೇ ನೋಡ್ತಿರ್ತಾಳೆ.

ಆ ಪೊಟ್ಟಣ ಅವಳ ಗಲ್ಲಾಪೆಟ್ಟಿಗೆ ಮೇಲಿದೆ. ತಾರೀಖು ಮೀರಿ ಎಷ್ಟು ಕಾಲವಾಯ್ತೋ, ಬಣ್ಣವೇ ಬಿಳಿಚಿದೆ. ಮೊನ್ನೆ ಹೊಸದೊಂದು ತಂದು "ಹಳೇದು ಬಿಸಾಡು ಮಾರಾಯ್ತಿ, ತಾರೀಖಿನ ಕಟ್ಟಳೆ ನೀನೇ ಮರೆತ್ಯಾ?" ಅಂತ ಅದಕ್ಕೆ ಕೈ ಹಾಕೋಕೆ ಹೋದೆ.

"ಮುಟ್ಟಿದರೆ ಹಲ್ಲು ಉದುರಿಸ್ತೀನಿ ಫಂಗಣ್ಣ," ಅಂದಳು. "ಅದು ನನ್ನ ತಮ್ಮ ಕೊಟ್ಟಿದ್ದು."