ಗೋಡೆ ಹೊದ್ದ ಕೌದಿ

ಆಗ ನನಗೆ ಇಪ್ಪತ್ತೆರಡು. ಅರವತ್ತು ವರ್ಷದ ಮೇಲಾಯಿತು, ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಗಡಹಿಂಗ್ಲಜದ ತವರಿನಲ್ಲಿ ತಂಗಿಯ ಚೊಚ್ಚಲ ಹೆರಿಗೆ ಇತ್ತು. ಹುಟ್ಟುವ ಕೂಸಿಗೆ ಕೌದಿ ಹೊಲಿಯುವುದು ಅಜ್ಜಿಯ ಕೆಲಸ. ಅವ್ವ ತೀರಿಹೋಗಿದ್ದಳು, ಅದು ನನ್ನ ಪಾಲಿಗೆ ಬಂತು. ನಾವು ಇಚಲಕರಂಜಿಯಲ್ಲಿದ್ದೆವು, ಗಂಡ ಅಲ್ಲಿ ಪಾವರ್‌ಲೂಮ್ ಮಗ್ಗದ ಮೇಲೆ ದುಡಿಯುತ್ತಿದ್ದ. ಮಗ್ಗದಿಂದ ತಂದ ಹಳದಿ ಚಿಂದಿ ಕತ್ತರಿಸಿ, ನಡುವೆ ಹರಕು ಕೊಡೆಯ ಕರಿ ಬಟ್ಟೆ ಇಟ್ಟು, ದೊಡ್ಡದೊಂದು ಸೂರ್ಯಪಾನದ, ಅಂದರೆ ಸೂರ್ಯಕಾಂತಿಯ, ಹೂವು ಹೊಲಿದೆ. ತವರಿನ ತಿಪ್ಪೆಯ ಪಕ್ಕ ಆ ಗಿಡ ತಾನೇ ಏಳುತ್ತಿತ್ತು. ಆ ಹೂವನ್ನು ಯಾರೂ ಮುಡಿಯುತ್ತಿರಲಿಲ್ಲ, ದೇವರಿಗೂ ಏರಿಸುತ್ತಿರಲಿಲ್ಲ. ತಂಗಿ ಮಾತ್ರ ಗಿಳಿಗಳ ಕೂಡ ಜಗಳಾಡಿ ಅದರ ಬೀಜ ತಿನ್ನುತ್ತಿದ್ದಳು. ಅದಕ್ಕೇ ಆ ಹೂವು. ಬೇರೆ ಅರ್ಥವೇನಿಲ್ಲ.

ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ತುತ್ತು ರೊಟ್ಟಿ ಒಳಗಿಟ್ಟೆ. ನಮ್ಮಲ್ಲಿ ಹಾಗೆ. ಕೌದಿಯ ಹೊಟ್ಟೆ ತುಂಬಿರಬೇಕು. ಹಸಿದ ಕೌದಿ ಹೊದ್ದವರ ಹೊಟ್ಟೆಯೂ ತುಂಬುವುದಿಲ್ಲ ಎನ್ನುತ್ತಾರೆ.

ಓಣಿಯ ಮಹಿಳಾ ಮಂಡಳದ ಹೆಂಗಸೊಬ್ಬಳು ಅದನ್ನು ನೋಡಿ, ಕೊಲ್ಲಾಪುರದ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನವಿದೆ, ಎಂಟು ದಿನಕ್ಕೆ ಕೊಡು ಎಂದಳು. ಕೊಟ್ಟೆ. ಎಂಟು ದಿನ ಹೋಗಿ ತಿಂಗಳಾಯಿತು. ಕೇಳಿದಾಗಲೆಲ್ಲ ನಾಳೆ, ನಾಡಿದ್ದು. ಅಷ್ಟರಲ್ಲಿ ತಂಗಿ ಹೆತ್ತಳು. ಚಳಿಗಾಲ ಬೇರೆ.

ಅತ್ತೆಯನ್ನು ಕರೆದುಕೊಂಡು ನಾನೇ ಕೊಲ್ಲಾಪುರಕ್ಕೆ ಹೋದೆ. ಒಳಗೆ ಮೀಸೆಯ ರಾಜರ ಚಿತ್ರಗಳು, ಕತ್ತಿಗಳು. ಹಿಂದಿನ ಕತ್ತಲೆ ಕೋಣೆಯಲ್ಲಿ, ಹೂಜಿಯಲ್ಲಿ ಇದೇ ಹೂವು ಇಟ್ಟು ಬರೆದ ಚಿತ್ರವೊಂದರ ಪಕ್ಕ, ನನ್ನ ಕೌದಿ ಮೊಳೆಗೆ ಜೋತುಬಿದ್ದಿತ್ತು.

ಅತ್ತೆ ತಲೆ ಎತ್ತಿ ನೋಡಿದಳು. “ಯಾಕ್ರಿ ಸಾಹೇಬ್ರ, ಗ್ವಾಡಿಗೆ ಥಂಡಿ ಹತ್ತೇತೇನ?”

ಅಲ್ಲಿಯ ಸಾಹೇಬರಿಗೆ ನಗು ಬರಲಿಲ್ಲ. “ಆಜಿ, ಇದು ಈಗ ಕಲಾ ಐತ್ರಿ. ಸೂರ್ಯಾ ಎತ್ತಾಗೋ ಈ ಹೂವಿನ ಮಾರಿ ಅತ್ತಾಗ. ಅಂದ್ರ ಭಕ್ತಿ. ದೊಡ್ಡ ದೊಡ್ಡ ಚಿತ್ರಕಾರ್ರು ಇದನ್ನ ಬರದಾರ.”

“ಹಂಗಾರ ಬಿಸಲಾಗ ತೂಗಹಾಕ್ರಿ. ಇಲ್ಲೆ ಯಾವ ಸೂರ್ಯಾನ ಮಾರಿ ನೋಡತೈತಿ?”

“ಬಿಸಲಿಗೆ ಬಣ್ಣಾ ಹೋಗತೈತ್ರಿ.”

ನಾನು ನಡುವೆ ಬಾಯಿ ಹಾಕಿದೆ. “ಭಕ್ತಿ ಇರ್ಲಿ ಸಾಹೇಬ್ರ. ಕೂಸು ಹುಟ್ಟೇತಿ. ನನ್ನ ಕೌದಿ ಕೊಡ್ರಿ.”

“ಕೂಸಿಗೆ ಬ್ಯಾರೆದ ಹೊಲೀರಿ. ಇದನ್ನ ಸಾವಿರ ಮಂದಿ ನೋಡ್ತಾರ.”

“ಸಾವಿರ ಮಂದಿ ನೋಡಿದ್ರ ಕೂಸು ಬೆಚ್ಚಗಾಗತೈತೇನ್ರಿ?”

ನಾನು ಅಲ್ಲೇ ನೆಲದ ಮೇಲೆ ಕೂತೆ. ಬಂದ ಮಂದಿ ಚಿತ್ರ ಬಿಟ್ಟು ನನ್ನನ್ನು ನೋಡತೊಡಗಿದರು. ಆಗ ಸಾಹೇಬರು ಸಿಪಾಯಿಗೆ ಹೇಳಿ ಕೌದಿ ಇಳಿಸಿದರು.

ಕೈಗೆ ತೆಗೆದುಕೊಂಡು ಮೂಲೆ ನೋಡಿದೆ. ಹೊಲಿಗೆ ನನ್ನದಲ್ಲ, ಮಶೀನಿನದು. ಹಿಚುಕಿದೆ. ಒಳಗೆ ಏನೂ ಇಲ್ಲ.

“ರೊಟ್ಟಿ ಎಲ್ಲೈತ್ರಿ?”

“ಅದಾ? ಇರಿವಿ ಹತ್ತಿದ್ವು. ಕಚರಾ ಅಂತ ತಗದ ಒಗದ್ವಿ. ಮ್ಯಾಲ ಛಲೋ ಹೊಲಿಸೇವಿ ನೋಡ್ರಿ.”

ಮನೆಗೆ ಹೋಗಿ ಇನ್ನೊಂದು ತುತ್ತು ಇಟ್ಟು ಹೊಲಿಯುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ.

“ಬಾಯಾಗಿನ ತುತ್ತ ಕಳಕೊಂಡ ಕೌದಿ ಅದು. ಇನ್ನ ಎಷ್ಟ ತಿನಿಸಿದ್ರೂ ಹೊಟ್ಟಿ ತುಂಬೂದಿಲ್ಲ. ಬಾಣಂತಿ ಮನಿಗೆ ಬ್ಯಾಡ. ಗ್ವಾಡೀನ ಹೊತಗೊಳ್ಳಲಿ.”

ಸಾಹೇಬರ ಮೇಲೂ ಸಿಟ್ಟು, ಅತ್ತೆಯ ಮೇಲೂ ಸಿಟ್ಟು. ಮಳೆಗಾಲವೆಲ್ಲ ಬೆರಳು ಚುಚ್ಚಿಸಿಕೊಂಡು ಹೊಲಿದದ್ದು. ಆದರೆ ಒಯ್ದೆ ಎಂದಿಟ್ಟುಕೊಳ್ಳಿ, ಕೂಸು ಒಮ್ಮೆ ಕೆಮ್ಮಿದರೂ ನನ್ನ ಕೌದಿಯ ಹೆಸರೇ ಬರುತ್ತಿತ್ತು. ಕೌದಿಯನ್ನು ಅಲ್ಲೇ ಬಿಸಾಕಿದೆ. ಸಾಹೇಬರು ಖುಷಿಯಾಗಿ ಚಹಾ ತರಿಸಿದರು. ನಾನು ಮುಟ್ಟಲಿಲ್ಲ. ಅತ್ತೆ ನನ್ನ ಕಪ್ಪನ್ನೂ ಕುಡಿದಳು.

ಮರುದಿನ ಬೆಳಿಗ್ಗೆ ನನ್ನ ಹಾಸಿಗೆಯ ಕೌದಿ ಝಾಡಿಸಿ ಮಡಚಿದೆ. ಅವ್ವ ನನ್ನ ಮದುವೆಗೆ ಹೊಲಿದದ್ದು. ಹೂವು ಗೀವು ಏನಿಲ್ಲ, ಮೂಲೆಯನ್ನು ಮಾತ್ರ ಯಾರೂ ಬಿಚ್ಚಿರಲಿಲ್ಲ.

“ನೀ ಏನ ಹೊತಗೋತಿ?” ಎಂದ ಗಂಡ.

“ನಿಮ್ಮ ಧೋತರಾ,” ಎಂದು ಹೇಳಿ, ಕೌದಿ ಬಗಲಿಗಿಟ್ಟುಕೊಂಡು ಗಡಹಿಂಗ್ಲಜದ ಬಸ್ಸಿಗೆ ಹೋದೆ.