ನೀಲಿ ಬೆಳ್ಳಕ್ಕಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವನಿಗೆ ಹಕ್ಕಿ ನೋಡುವ ಹುಚ್ಚು ಹಿಡಿದರೆ ಮೊದಲು ನಗುವವಳು ಹೆಂಡತಿ. ಆಮೇಲೆ ನಗುವವರು ಹಕ್ಕಿ ನೋಡುವವರೇ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೇಷ್ಟ್ರುಗಳು, ಡಾಕ್ಟರುಗಳು ಇದ್ದಾರೆ. ಒಮ್ಮೆ ನಾನು ಗಿಡುಗವನ್ನು ಹದ್ದು ಎಂದು ಬರೆದೆ. ಅಂದಿನಿಂದ ನನ್ನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಒಂದಾದರೂ ಅಪರೂಪದ ಹಕ್ಕಿ ನನ್ನ ಹೆಸರಿನಲ್ಲಿ ದಾಖಲಾಗಬೇಕೆಂಬ ಹಟ ನನಗೆ.

ಹಾಗಾಗಿ ಕುರುಗೋಡು ರಸ್ತೆಯ ಗದ್ದೆಯಲ್ಲಿ ಒಂದು ಭಾನುವಾರ ಬೆಳ್ಳಕ್ಕಿಗಳ ನಡುವೆ ನೀಲಿ ಬಣ್ಣದ್ದೊಂದು ಕಂಡಾಗ ಬದುವಿನ ಮೇಲೇ ಕುಕ್ಕರಿಸಿದೆ. ಹೇಗೋ ಫೋಟೊ ತೆಗೆದೆ. ಪುಸ್ತಕ ತಿರುವಿದರೆ ಸಿಕ್ಕೇಬಿಟ್ಟಿತು: ಸಮುದ್ರದ ದಂಡೆಯ ಬೂದುನೀಲಿ ಬಕ. ನಮ್ಮ ಬಳ್ಳಾರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳಿಕೊಳ್ಳುವ ತಾಳ್ಮೆ ಯಾರಿಗಿತ್ತು? ಗುಂಪಿಗೆ ಕಳಿಸಿದೆ. ಸಂಜೆಯೊಳಗೆ ಹೊಗಳಿಕೆ ಸುರಿಯಿತು. ಗುಂಪಿನ ಹಿರಿಯರಾದ ನಿವೃತ್ತ ಮೇಷ್ಟ್ರು ತಾವೇ ಫೋನ್ ಮಾಡಿ, "ಮುಂದಿನ ವಾರ ನಾನೂ ಬರ್ತೀನಿ, ತೋರ್ಸಪ್ಪ" ಎಂದರು.

ಅವರು ಬಂದ ದಿನವೂ ಹಕ್ಕಿ ಅಲ್ಲೇ ಇತ್ತು. ಮೇಷ್ಟ್ರು ದುರ್ಬೀನು ಇಳಿಸಿ ಪುಸ್ತಕ ನೋಡುತ್ತಿದ್ದಾಗ ಅದು ಮೈಮುರಿದು ರೆಕ್ಕೆ ಚಾಚಿತು. ಮಡಿಚಿಟ್ಟ ಭಾಗವೆಲ್ಲ ಬಿಳಿ. ನೀಲಿ ಇದ್ದದ್ದು ಹೊರಗೆ ಮಾತ್ರ, ಅದೂ ಒಂದೆಡೆ ದಟ್ಟ, ಒಂದೆಡೆ ತೆಳು. ಹೊಲಿದ ಮೇಲೆ ಬಣ್ಣಕ್ಕೆ ಹಾಕಿದ ಪ್ಯಾಂಟಿನ ಮಡಿಕೆ ಬಿಚ್ಚಿದರೆ ಹೀಗೇ ಇರುತ್ತದೆ. ಪ್ಯಾಂಟು ತೊಳೆದು ಬಿಟ್ಟ ನೀರಿನಲ್ಲಿ ಎಲ್ಲೋ ಇಳಿದು ಎದ್ದು ಬಂದಿದ್ದ ಪಾಪದ ಬೆಳ್ಳಕ್ಕಿ ಅದು.

ಮೇಷ್ಟ್ರು ಅದನ್ನು ಗಮನಿಸಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ದಾಖಲೆ ನನ್ನದೇ. ಹಾಗೆ ಸುಮ್ಮನಿರಲು ಆಸೆಯೂ ಆಯಿತು, ಮುಚ್ಚಿಡುವುದೇನು. ಆದರೆ ಆ ಬಣ್ಣದಿಂದಲೇ ನನ್ನ ಮನೆಯ ಒಲೆ ಉರಿಯುವುದು. ಅದನ್ನೇ ಹಕ್ಕಿಯ ಮೈಮೇಲೆ ಕಂಡು, ಅಪರೂಪದ್ದು ಎಂದು ಮೆರೆಯಲು ಮನಸ್ಸು ಒಪ್ಪಲಿಲ್ಲ.

"ಸರ್, ಇದು ನಮ್ಮ ಬೆಳ್ಳಕ್ಕಿನೇ ಐತ್ರಿ. ಜೀನ್ಸಿನ ಬಣ್ಣ ಹತ್ತೈತ್ರಿ," ಎಂದೆ.

ಮೇಷ್ಟ್ರು ಮತ್ತೆ ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದರು. "ಹೌದಲ್ಲೋ. ಪುಸ್ತಕ ಓದಿದ ನಾವ್ಯಾರೂ ಇದನ್ನ ಹಿಡೀತಿರಲಿಲ್ಲ. ಗುಂಪಿನ್ಯಾಗ ನೀನೇ ಬರಿ," ಎಂದರು.

ಬರೆದೆ. ನಾಚಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಆಮೇಲೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು, ಆ ಹಕ್ಕಿ ಬದುಕುತ್ತದೋ ಇಲ್ಲವೋ ಎಂದು. ಪ್ರತಿ ಭಾನುವಾರ ಹೋಗಿ ನೋಡಿ ಬರುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆನ್ನಿನ ನೀಲಿ ಗರಿಗಳು ಉದುರಿ ಬಿಳಿಯವು ಮೂಡತೊಡಗಿದವು. ಒಂದು ವಾರ ರೆಕ್ಕೆಯ ತುದಿಯಲ್ಲಿ ಮಾತ್ರ ಚೂರು ನೀಲಿ ಉಳಿದಿತ್ತು. ಮುಂದಿನ ವಾರ ಹೋದಾಗ ಗದ್ದೆಯಲ್ಲಿ ಎಂದಿನಂತೆ ಹದಿನಾಲ್ಕು ಬೆಳ್ಳಕ್ಕಿ ಮೇಯುತ್ತಿದ್ದವು, ಹದಿನಾಲ್ಕೂ ಅಚ್ಚ ಬಿಳಿ. ನನ್ನದು ಯಾವುದೆಂದು ಎಷ್ಟು ನೋಡಿದರೂ ಗುರುತು ಸಿಗಲಿಲ್ಲ. ಒಂದು ಹಕ್ಕಿಯ ಗುರುತು ಸಿಗದೆ ಹೋದದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.