ಇತರೆ, ಒಂದು ಕಿಲೋವ್ಯಾಟ್

ಡೊಂಬಿವಲಿಯ ವಾಮನ ಸಾಲ್ಯಾನರಿಗೆ ಜಗತ್ತೆಂದರೆ ಲೋಡು. ಗೋದಾಮುಗಳಲ್ಲಿ ಎಲೆಕ್ಟ್ರಿಕ್ ಟೆಂಪೋಗಳ ಚಾರ್ಜಿಂಗಿಗೆ ಎಷ್ಟು ಕರೆಂಟು ಬೇಕೆಂದು ಲೆಕ್ಕ ಹಾಕಿಕೊಡುವುದು ಅವರ ಉದ್ಯೋಗ. ಮದುವೆಗೆ ಹೋದರೂ ಊಟಕ್ಕೆ ಕೂರುವ ಮೊದಲು ಕಲ್ಯಾಣಮಂಟಪದ ಟ್ರಾನ್ಸ್‌ಫಾರ್ಮರ್ ನೋಡಿ ಬರುತ್ತಾರೆ. "ನಲವತ್ತು ಗಾಡಿ ಒಟ್ಟಿಗೇ ಚಾರ್ಜಿಗೆ ಬಂದು ನಿಂತ್ರೆ ಎಂತ ಮಾಡ್ತೀರಿ ಮಾರಾಯ್ರೇ?" ಎಂದು ಕೇಳಿ, ಮ್ಯಾನೇಜರನ ಮುಖ ಸಣ್ಣಗಾಗುವವರೆಗೂ ಕಾಯುತ್ತಾರೆ. ಒಂದು ಬಲ್ಬನ್ನೂ ಸುಮ್ಮನೆ ಉರಿಯಗೊಡದ ಈ ಮನುಷ್ಯ ಗೋದಾಮುಗಳಿಗೆ ಬರೆದುಕೊಡುವ ಲೋಡಿನ ಪಟ್ಟಿಯ ಕೊನೆಯಲ್ಲಿ ಮಾತ್ರ 'ಇತರೆ, ಒಂದು ಕಿಲೋವ್ಯಾಟ್' ಎಂಬ ಸಾಲು ತಪ್ಪುವುದಿಲ್ಲ. ಯಾಕೆಂದು ಕೇಳಿದರೆ, "ಅದನ್ನ ತೆಗೆದ್ರೆ ಇಡೀ ಸಿಸ್ಟಮ್ ಟ್ರಿಪ್ ಆಗ್ತದೆ" ಎನ್ನುತ್ತಾರೆ. ಒಂಬತ್ತು ವರ್ಷ ವಾಶಿ ಮಾರ್ಕೆಟಿಗೆ ಟೆಂಪೋ ಓಡಿಸಿ, ಮಧ್ಯಾಹ್ನಗಳನ್ನು ಗಾಡಿಯಡಿಯ ನೆರಳಲ್ಲಿ ಕಳೆದವರು ಅವರು. ಗಾಡಿ ಚಾರ್ಜಾಗುವಷ್ಟು ಹೊತ್ತು ಡ್ರೈವರುಗಳು ಕಾಯುವ ಕೋಣೆಯ ಫ್ಯಾನುಗಳು ಆ ಸಾಲಿನಿಂದಲೇ ತಿರುಗುತ್ತವೆ.